ವಾಸಿಂ ಅಕ್ರಂ ಶ್ರೇಷ್ಠ ಎನ್ನಲು ನಮ್ಮ ಮಕ್ಕಳೇಕೆ ಅಂಜಬೇಕು?

ಸಾರ್ವಕಾಲಿಕ ಶ್ರೇಷ್ಠ ತಂಡ ಯಾವುದು ಎಂಬ ಚರ್ಚೆಗೆ ಕೊನೆಯೆಂಬುದಿಲ್ಲ. ಸುನಿಲ್ ಗವಾಸ್ಕರ್ ಮತ್ತು ಹನೀಫ್ ಮುಹಮ್ಮದ್ ಪೈಕಿ ಯಾರ ರಕ್ಷಣೆ ಗಟ್ಟಿ, ಕಪಿಲ್ ದೇವ್ ಮತ್ತು ಇಮ್ರಾನ್ ಖಾನ್ ಪೈಕಿ ಯಾರು ಪರಿಪೂರ್ಣ ಆಟಗಾರ, ಕುಂಬ್ಳೆಯ ಎದುರು ಅಬ್ದುಲ್ ಖಾದಿರ್‌ರನ್ನು ನಿಲ್ಲಿಸಿದರೆ ತಕ್ಕಡಿ ಎತ್ತ ವಾಲೀತು ಎಂಬ ಪ್ರಶ್ನೆಗಳನ್ನು ಹಿಡಿದು ಬಸವೇಶ್ವರನಗರದ ಚಹಾ ಅಂಗಡಿಗಳಲ್ಲಿ, ಆಟದ ಮೈದಾನಗಳ ಕಟ್ಟೆಗಳಲ್ಲಿ, ಕಾಲೇಜು ಹುಡುಗರು ಗಂಟೆಗಟ್ಟಲೆ ವಾದಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆಟವನ್ನು ಪ್ರೀತಿಸುವವರು ಆಟಗಾರರನ್ನು ತೂಗಿ ನೋಡುವುದು ಸಹಜ. ಆದರೆ ಈ ಚರ್ಚೆಯ ನಡುವೆ ಒಂದು ವಿಚಿತ್ರವನ್ನು ನಾವು ಗಮನಿಸಬೇಕಾಗಿದೆ. ವಾಸಿಂ ಅಕ್ರಂ ಜಗತ್ತು ಕಂಡ ಅತಿಶ್ರೇಷ್ಠ ಎಡಗೈ ವೇಗಿ ಎಂದು ರಮೇಶ ಹೇಳಿದರೆ ಅದು ಕ್ರಿಕೆಟ್ ಜ್ಞಾನ. ಅದೇ ಮಾತನ್ನು ರಿಯಾಝ್ ಹೇಳಿದರೆ ಅದು ಅನುಮಾನ. ಆದ್ದರಿಂದಲೇ ಚರ್ಚೆ ಆ ಘಟ್ಟ ತಲುಪಿದಾಗ ನಮ್ಮ ಮಕ್ಕಳು ಒಂದೋ ಮೌನವಾಗುತ್ತಾರೆ, ಇಲ್ಲವೇ ತಮಗೆ ಗೊತ್ತಿರುವುದಕ್ಕೆ ವಿರುದ್ಧವಾದುದನ್ನು ಗಟ್ಟಿಯಾಗಿ ಹೇಳುತ್ತಾರೆ. ಒಂದು ಆಟದ ಬಗ್ಗೆ ಸತ್ಯ ಹೇಳಲು ಹಿಂಜರಿಯುವ ಮಗು ನಾಳೆ ನ್ಯಾಯಾಲಯದಲ್ಲಿ, ಕಚೇರಿಯಲ್ಲಿ, ಪಂಚಾಯತಿಯಲ್ಲಿ ಸತ್ಯ ಹೇಳುವ ಧೈರ್ಯವನ್ನು ಎಲ್ಲಿಂದ ತಂದೀತು?

ಮೊದಲು ಆಟದ ಲೆಕ್ಕವನ್ನೇ ನೇರವಾಗಿ ಇಟ್ಟುಕೊಳ್ಳೋಣ. ಭಾರತದ ಬ್ಯಾಟಿಂಗ್ ಸಾಲಿಗೆ ಸಾಟಿ ಕಡಿಮೆ. 10,122 ಟೆಸ್ಟ್ ರನ್‌ಗಳ ಗವಾಸ್ಕರ್, 2004ರಲ್ಲಿ ಮುಲ್ತಾನ್‌ನಲ್ಲಿ 309 ಬಾರಿಸಿದ ಸೆಹ್ವಾಗ್, 13,288 ರನ್‌ಗಳ ನಮ್ಮ ರಾಹುಲ್ ದ್ರಾವಿಡ್, 15,921 ರನ್‌ಗಳ ಸಚಿನ್ ತೆಂಡೂಲ್ಕರ್, ವಿರಾಟ್ ಕೊಹ್ಲಿ, ಇವರ ಹಿಂದೆ ಜಾಗಕ್ಕಾಗಿ ಕಾಯುತ್ತಾ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಅತ್ತ ಪಾಕಿಸ್ತಾನಕ್ಕೆ 1958ರಲ್ಲಿ ಬ್ರಿಡ್ಜ್‌ಟೌನ್‌ನಲ್ಲಿ ಹದಿನಾರು ಗಂಟೆಗಳಿಗೂ ಹೆಚ್ಚು ಕಾಲ ಕ್ರೀಸ್‌ನಲ್ಲಿ ನಿಂತು 337 ರನ್ ಗಳಿಸಿದ ಹನೀಫ್ ಇದ್ದಾರೆ, ಸಯೀದ್ ಅನ್ವರ್ ಇದ್ದಾರೆ, ಝಹೀರ್ ಅಬ್ಬಾಸ್, ಜಾವೇದ್ ಮಿಯಾಂದಾದ್, ಇಂಝಮಾಮ್, 10,099 ರನ್‌ಗಳ ಯೂನಿಸ್ ಖಾನ್ ಇದ್ದಾರೆ. ಗೌರವಾರ್ಹ ಪಟ್ಟಿಯೇ. ಆದರೂ ಬ್ಯಾಟಿಂಗ್‌ನಲ್ಲಿ ಭಾರತದ ಕೈ ಮೇಲು ಎಂಬುದನ್ನು ನಿಷ್ಪಕ್ಷಪಾತಿಗಳಾರೂ ಅಲ್ಲಗಳೆಯಲಾರರು. ಸ್ಪಿನ್ನಿನಲ್ಲೂ ಹಾಗೆಯೇ. ಪ್ರಸನ್ನ, ಚಂದ್ರಶೇಖರ್, ಬೇಡಿ, ವೆಂಕಟರಾಘವನ್‌ರ ಪರಂಪರೆ, ಅದರ ತುದಿಯಲ್ಲಿ 619 ವಿಕೆಟ್‌ಗಳ ಅನಿಲ್ ಕುಂಬ್ಳೆ. ಖಾದಿರ್ ಮತ್ತು ಸಕ್ಲೈನ್ ಮುಷ್ತಾಕ್ ಮಾಂತ್ರಿಕರೇ ಹೌದು, ಆದರೆ ಆ ಸಾಲಿಗೆ ಅಷ್ಟು ಉದ್ದವಿಲ್ಲ.

ವೇಗದ ಬೌಲಿಂಗ್‌ಗೆ ಬಂದರೆ ಚಿತ್ರ ತಿರುಗುತ್ತದೆ. ಫಝಲ್ ಮಹ್ಮೂದ್, ಸರ್ಫರಾಝ್ ನವಾಝ್, ಇಮ್ರಾನ್, ವಾಸಿಂ, ವಕಾರ್, ಶುಐಬ್ ಅಖ್ತರ್ ಎಂಬ ಸರಪಳಿ ಭಾರತಕ್ಕೆ ದೀರ್ಘ ಕಾಲ ಇರಲಿಲ್ಲ. ಭಾರತ ಸ್ಪಿನ್ನನ್ನೇ ನಂಬಿ ಕುಳಿತಿದ್ದ ದಿನಗಳಲ್ಲಿ ಅವರು ಹಳೆಯ ಚೆಂಡಿನ ಒಂದು ಮೈಯನ್ನು ಉಜ್ಜಿ ಹೊಳೆಯಿಸಿ, ಇನ್ನೊಂದನ್ನು ಒರಟಾಗಲು ಬಿಟ್ಟು, ವೇಗದಲ್ಲಿ ಅದನ್ನು ರೂಢಿಗೆ ವಿರುದ್ಧವಾದ ದಿಕ್ಕಿಗೆ ತಿರುಗಿಸುವ ರಿವರ್ಸ್ ಸ್ವಿಂಗ್ ಎಂಬ ವಿದ್ಯೆಯನ್ನು ಕರಗತ ಮಾಡಿಕೊಂಡಿದ್ದರು. ಸರ್ಫರಾಝ್‌ರಿಂದ ಇಮ್ರಾನ್‌ಗೆ, ಇಮ್ರಾನ್‌ರಿಂದ ವಾಸಿಂ, ವಕಾರ್‌ಗೆ ಅದು ಗುರುಶಿಷ್ಯ ಪರಂಪರೆಯಂತೆ ದಾಟಿ ಬಂತು. ಭಾರತದ ಕಡೆ ಕಪಿಲ್ 434 ವಿಕೆಟ್‌ಗಳೊಂದಿಗೆ ಬಹುಕಾಲ ಒಂಟಿಯಾಗಿ ಹೊರೆ ಹೊತ್ತರು. ಅವರ ನಂತರ ಶ್ರೀನಾಥ್, ಝಹೀರ್ ಖಾನ್, ಮುಹಮ್ಮದ್ ಶಮಿ, ಜಸ್‌ಪ್ರೀತ್ ಬೂಮ್ರಾ ಬಂದರು. 2024ರ ಡಿಸೆಂಬರಿನಲ್ಲಿ 200ನೇ ಟೆಸ್ಟ್ ವಿಕೆಟ್ ಪಡೆದಾಗ ಬೂಮ್ರಾರ ಸರಾಸರಿ ಇಪ್ಪತ್ತಕ್ಕಿಂತ ಕಡಿಮೆಯಿತ್ತು. ಇಂದಿನ ದಿನಕ್ಕೆ ಭಾರತದ ವೇಗಿಗಳೇ ಮೇಲು. ಸಾರ್ವಕಾಲಿಕ ಲೆಕ್ಕದಲ್ಲಿ ಪಾಕಿಸ್ತಾನದ ವೇಗಿಗಳು ಮುಂದು. ಇದಿಷ್ಟು ಆಟದ ಸತ್ಯ. ಅಂಕಿ ಅಂಶಗಳೂ ಇದನ್ನೇ ಹೇಳುತ್ತವೆ. ಉಭಯ ದೇಶಗಳು ಆಡಿದ 59 ಟೆಸ್ಟ್‌ಗಳಲ್ಲಿ ಪಾಕಿಸ್ತಾನ 12, ಭಾರತ 9 ಗೆದ್ದಿವೆ, 38 ಡ್ರಾ ಆಗಿವೆ. ಏಕದಿನ ವಿಶ್ವಕಪ್‌ನಲ್ಲಿ 1992ರಿಂದ 2023ರವರೆಗೆ ಎಂಟು ಬಾರಿ ಎದುರಾಗಿ ಎಂಟೂ ಬಾರಿ ಭಾರತ ಗೆದ್ದಿದೆ. ಇದರಲ್ಲಿ ಯಾವ ಅಂಕಿಯನ್ನು ಹೇಳಿದರೆ ದೇಶದ್ರೋಹವಾಗುತ್ತದೆ? ಯಾವುದನ್ನು ಹೇಳಿದರೆ ದೇಶಭಕ್ತಿಯಾಗುತ್ತದೆ?

ಈ ಪೈಪೋಟಿಯ ಇತಿಹಾಸದಲ್ಲಿ ನಮ್ಮ ಬೆಂಗಳೂರಿಗೆ ವಿಶೇಷ ಸ್ಥಾನವಿದೆ. ವಿಜಯನಗರದಲ್ಲೋ ಹೊಸಹಳ್ಳಿಯಲ್ಲೋ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಸಿಗುವ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಎರಡೂ ತಂಡಗಳು ಐದು ಟೆಸ್ಟ್‌ಗಳನ್ನು ಆಡಿವೆ. 1979 ಮತ್ತು 1983ರವು ಡ್ರಾ ಆದವು. 1987ರ ಮಾರ್ಚ್‌ನಲ್ಲಿ ಚೆಂಡು ಸರ್ಪದಂತೆ ತಿರುಗುತ್ತಿದ್ದ ಪಿಚ್‌ನಲ್ಲಿ ಮಣಿಂದರ್ ಸಿಂಗ್ 27 ರನ್ ನೀಡಿ ಏಳು ವಿಕೆಟ್ ಪಡೆದು ಪಾಕಿಸ್ತಾನವನ್ನು 116ಕ್ಕೆ ಉರುಳಿಸಿದರು. ಕೊನೆಯ ಇನ್ನಿಂಗ್ಸ್‌ನಲ್ಲಿ ಗವಾಸ್ಕರ್ ತಮ್ಮ ಕೊನೆಯ ಟೆಸ್ಟ್ ಇನ್ನಿಂಗ್ಸ್ ಆಗಿ 96 ರನ್ ಗಳಿಸಿದರು. ಆದರೂ ಇಕ್ಬಾಲ್ ಕಾಸಿಂ ಮತ್ತು ತೌಸೀಫ್ ಅಹ್ಮದ್ ತಲಾ ಒಂಬತ್ತು ವಿಕೆಟ್ ಕಿತ್ತು ಪಾಕಿಸ್ತಾನಕ್ಕೆ 16 ರನ್‌ಗಳ ಜಯ ದೊರಕಿಸಿದರು. ಭಾರತದ ನೆಲದಲ್ಲಿ ಅದು ಅವರ ಮೊದಲ ಸರಣಿ ಜಯ. ಸೋತ ಪಂದ್ಯದ 96 ರನ್‌ಗಳನ್ನು ಕನ್ನಡಿಗರು ಇಂದಿಗೂ ಗೆಲುವಿನಷ್ಟೇ ಪ್ರೀತಿಯಿಂದ ನೆನೆಯುತ್ತಾರೆಂದರೆ, ಆಟ ಗೆಲುವು ಸೋಲುಗಳಿಗಿಂತ ದೊಡ್ಡದು ಎಂದೇ ಅರ್ಥ. 2005ರಲ್ಲಿ ಯೂನಿಸ್ ಖಾನ್ 267, ತನ್ನ ನೂರನೇ ಟೆಸ್ಟ್‌ನಲ್ಲಿ ಇಂಝಮಾಮ್ 184 ಗಳಿಸಿದರು. ಸೆಹ್ವಾಗ್‌ರ 201 ರನ್ ವ್ಯರ್ಥವಾಗಿ ಪಾಕಿಸ್ತಾನ 168 ರನ್‌ಗಳಿಂದ ಗೆದ್ದಿತು. ಆ ಪಂದ್ಯದಲ್ಲಿ ಪಾಕಿಸ್ತಾನದ ಮುಖ್ಯ ಸ್ಪಿನ್ನರ್ ಆಗಿದ್ದವರು ದಾನಿಶ್ ಕನೇರಿಯಾ ಎಂಬ ಹಿಂದೂ ಆಟಗಾರ. ಎರಡು ವರ್ಷಗಳ ಬಳಿಕ, 2007ರ ಡಿಸೆಂಬರ್‌ನಲ್ಲಿ, ಅದೇ ಮೈದಾನದಲ್ಲಿ ಕುಂಬ್ಳೆ ನಾಯಕತ್ವದ ಭಾರತದ ಪರ ಸೌರವ್ ಗಂಗೂಲಿ 239, ಯುವರಾಜ್ 169 ಗಳಿಸಿದಾಗ ಅವರ ಜೊತೆ ಶತಕ ಬಾರಿಸಿದವರು ವಡೋದರಾದ ಮಸೀದಿಯೊಂದರ ಮುಅಝ್ಝಿನ್‌ರ ಮಗ ಇರ್ಫಾನ್ ಪಠಾಣ್.

1996ರ ಮಾರ್ಚ್ 9ರ ವಿಶ್ವಕಪ್ ಕ್ವಾರ್ಟರ್ ಫೈನಲ್ ಅನ್ನು ಕಂಡವರಾರೂ ಮರೆತಿಲ್ಲ. ಬೌಂಡರಿ ಬಾರಿಸಿ ಬ್ಯಾಟ್ ತೋರಿಸಿ ಕೆಣಕಿದ ಆಮಿರ್ ಸುಹೈಲ್‌ರ ಸ್ಟಂಪ್ ಅನ್ನು ಮರು ಚೆಂಡಿನಲ್ಲೇ ಬೆಂಗಳೂರಿನ ವೆಂಕಟೇಶ್ ಪ್ರಸಾದ್ ಹಾರಿಸಿದ್ದು, ಭಾರತ 39 ರನ್‌ಗಳಿಂದ ಗೆದ್ದದ್ದು ಇಂದು ಜಾನಪದವಾಗಿದೆ. ಆ ತಂಡದ ನಾಯಕ ಮುಹಮ್ಮದ್ ಅಝರುದ್ದೀನ್ ಎಂಬುದು ಮಾತ್ರ ಆ ಜಾನಪದದಿಂದ ಮೆಲ್ಲಗೆ ಅಳಿದುಹೋಗುತ್ತಿದೆ. ಇನ್ನೊಂದು ಸಂಗತಿಯಂತೂ ಬಹುತೇಕರ ನೆನಪಿನಲ್ಲೇ ಇಲ್ಲ. ಆ ಪಂದ್ಯಕ್ಕೆ ಒಂದು ತಿಂಗಳೂ ಉಳಿದಿರದಾಗ, ಫೆಬ್ರವರಿ 13ರಂದು, ಬಾಂಬ್ ಸ್ಫೋಟದ ಭೀತಿಯಿಂದ ಆಸ್ಟ್ರೇಲಿಯಾ ಮತ್ತು ವೆಸ್ಟ್ ಇಂಡೀಸ್ ಶ್ರೀಲಂಕಾಕ್ಕೆ ಹೋಗಲು ನಿರಾಕರಿಸಿದಾಗ, ಭಾರತ ಮತ್ತು ಪಾಕಿಸ್ತಾನಗಳ ಆಟಗಾರರು ಒಂದೇ ತಂಡವಾಗಿ ಕೊಲಂಬೊದಲ್ಲಿ ಆಡಿ ಆ ಪುಟ್ಟ ದೇಶಕ್ಕೆ ಧೈರ್ಯ ತುಂಬಿದ್ದರು. ವಾಸಿಂ ಅಕ್ರಂರ ಎಸೆತದಲ್ಲಿ ತೆಂಡೂಲ್ಕರ್ ಕ್ಯಾಚ್ ಹಿಡಿದದ್ದು ಆ ದಿನವೇ. ನಮ್ಮ ಯುವಕರು ಕಾಗದದ ಮೇಲೆ ಕಟ್ಟುವ ಉಪಖಂಡದ ಸಾರ್ವಕಾಲಿಕ ತಂಡ ಒಂದು ದಿನದ ಮಟ್ಟಿಗಾದರೂ ಮೈದಾನಕ್ಕೆ ಇಳಿದಿತ್ತು.

ಇದು ಆಶ್ಚರ್ಯವೂ ಅಲ್ಲ. ಎರಡೂ ತಂಡಗಳು ಒಂದೇ ಮನೆಯ ಇಬ್ಬರು ಮಕ್ಕಳು. 1932ರಲ್ಲಿ ಲಾರ್ಡ್ಸ್‌ನಲ್ಲಿ ಭಾರತದ ಮೊದಲ ಟೆಸ್ಟ್‌ನಲ್ಲೇ ಐದು ವಿಕೆಟ್ ಕಿತ್ತ ವೇಗಿ ಮುಹಮ್ಮದ್ ನಿಸಾರ್. 1936ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ವಿದೇಶದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಶತಕ ಗಳಿಸಿದವರು ಇಂದೋರ್‌ನ ಮುಷ್ತಾಕ್ ಅಲಿ. ಪಾಕಿಸ್ತಾನದ ಮೊದಲ ಟೆಸ್ಟ್ ನಾಯಕ ಅಬ್ದುಲ್ ಹಫೀಝ್ ಕಾರ್ದಾರ್ 1946ರಲ್ಲಿ ಭಾರತದ ಪರವಾಗಿ ಆಡಿದ್ದವರು. 1952ರಲ್ಲಿ ಅವರ ಎದುರು ಭಾರತದ ನಾಯಕರಾಗಿದ್ದ ಲಾಲಾ ಅಮರನಾಥ್ ಆಟ ಕಲಿತದ್ದು ಲಾಹೋರ್‌ನಲ್ಲಿ. ಹನೀಫ್ ಹುಟ್ಟಿದ್ದು ಗುಜರಾತಿನ ಜುನಾಗಢದಲ್ಲಿ. 1979ರಲ್ಲಿ ಪಾಕಿಸ್ತಾನದ ನಾಯಕರಾಗಿ ಬೆಂಗಳೂರಿಗೆ ಬಂದ ಆಸಿಫ್ ಇಕ್ಬಾಲ್ ಹೈದರಾಬಾದಿನವರು, ಭಾರತದ ನಾಯಕರಾಗಿದ್ದ ಗುಲಾಂ ಅಹ್ಮದ್‌ರ ಸಂಬಂಧಿ. ಗಡಿ ಎಳೆದದ್ದು ರಾಜಕಾರಣಿಗಳು. ಚೆಂಡು ಬ್ಯಾಟ್‌ಗಳಿಗೆ ಅದು ತಿಳಿಯುವಷ್ಟರಲ್ಲಿ ಕಾಲ ಕಳೆದಿತ್ತು.

ಹೀಗಿರುವಾಗ ಆಟ ಯಾವಾಗ ನಿಷ್ಠೆಯ ಪರೀಕ್ಷೆಯಾಗಿ ಬದಲಾಯಿತು? ಅದರ ಬೆಲೆ ತೆತ್ತವರು ಯಾರು? 2014ರಲ್ಲಿ ಏಷ್ಯಾ ಕಪ್ ಪಂದ್ಯ ನೋಡುತ್ತಾ ಪಾಕಿಸ್ತಾನದ ಗೆಲುವಿಗೆ ಸಂಭ್ರಮಿಸಿದರೆಂದು ಮೀರತ್‌ನ ಖಾಸಗಿ ವಿಶ್ವವಿದ್ಯಾಲಯವೊಂದರ ಅರುವತ್ತಕ್ಕೂ ಹೆಚ್ಚು ಕಾಶ್ಮೀರಿ ವಿದ್ಯಾರ್ಥಿಗಳನ್ನು ಹೊರಹಾಕಿ ದೇಶದ್ರೋಹದ ಮೊಕದ್ದಮೆ ಹೂಡಲಾಯಿತು. ಬಳಿಕ ಆ ಆರೋಪವನ್ನು ಕೈಬಿಡಲಾಯಿತು. 2017ರ ಚಾಂಪಿಯನ್ಸ್ ಟ್ರೋಫಿ ಫೈನಲ್ ಬಳಿಕ ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಮೊಹಾದ್ ಗ್ರಾಮದ ಹದಿನೈದಕ್ಕೂ ಹೆಚ್ಚು ಬಡ ಮುಸ್ಲಿಮರು ಪಟಾಕಿ ಸಿಡಿಸಿದರೆಂಬ ಆರೋಪದಲ್ಲಿ ಜೈಲು ಸೇರಿದರು. ಆರು ವರ್ಷ ನ್ಯಾಯಾಲಯಕ್ಕೆ ಅಲೆದ ಬಳಿಕ 2023ರಲ್ಲಿ ಅವರು ಖುಲಾಸೆಯಾದರು. ಅಷ್ಟರಲ್ಲಿ ಅವರಲ್ಲೊಬ್ಬರು ಆತ್ಮಹತ್ಯೆ ಮಾಡಿಕೊಂಡಿದ್ದರು. ನಮ್ಮ ಕರ್ನಾಟಕದಲ್ಲಿ ಪಹಲ್ಗಾಮ್ ದಾಳಿಯ ಐದು ದಿನಗಳ ಬಳಿಕ, 2025ರ ಎಪ್ರಿಲ್ 27ರಂದು, ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ ಸ್ಥಳೀಯ ಕ್ರಿಕೆಟ್ ಪಂದ್ಯಾಟ ನಡೆಯುತ್ತಿದ್ದ ಮೈದಾನದ ಬಳಿ ಕೇರಳದ ವಯನಾಡಿನ ವ್ಯಕ್ತಿಯೊಬ್ಬರನ್ನು ಗುಂಪು ಹೊಡೆದು ಕೊಂದಿತು. ಪಾಕಿಸ್ತಾನದ ಪರ ಘೋಷಣೆ ಕೂಗಿದರೆಂಬುದು ಕೊಲೆಗೆ ನೀಡಲಾದ ಸಮಜಾಯಿಷಿ. ಒಂದು ವೇಳೆ ಕೂಗಿದ್ದರೂ ಶಿಕ್ಷಿಸುವ ಅಧಿಕಾರ ಸ್ಟಂಪ್ ಹಿಡಿದು ನಿಂತವರಿಗೆ ಯಾವ ಕಾನೂನಿನಿಂದ ಬರುತ್ತದೆ? ಪಹಲ್ಗಾಮ್‌ನಲ್ಲಿ ಅಮಾಯಕರನ್ನು ಕೊಂದವರು ಕ್ರೂರಿಗಳು, ಧರ್ಮದ ಶತ್ರುಗಳು. ಅದನ್ನು ನಾವು ಯಾವ ಅಳುಕೂ ಇಲ್ಲದೆ ಹೇಳುತ್ತೇವೆ. ಆ ಕ್ರೌರ್ಯದ ಲೆಕ್ಕವನ್ನು ಕುಡುಪುವಿನ ಬಡವನಿಂದ ವಸೂಲು ಮಾಡುವುದು ನ್ಯಾಯವೇ ಎಂದು ಕೇಳುವ ಹಕ್ಕೂ ನಮಗಿದೆ.

ದೇಶದ ಪರ ಆಡಿ ಬೆವರು ಸುರಿಸಿದವರಿಗೂ ಈ ಪರೀಕ್ಷೆ ತಪ್ಪಿಲ್ಲ. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತ ಹತ್ತು ವಿಕೆಟ್‌ಗಳಿಂದ ಸೋತಾಗ ಹನ್ನೊಂದು ಮಂದಿಯೂ ಸೋತಿದ್ದರು. ಆದರೆ ನಿಂದನೆಯ ಮಳೆ ಸುರಿದದ್ದು ಶಮಿಯ ಮೇಲೆ. ನಾಯಕ ಕೊಹ್ಲಿ ಧೃತಿಗೆಡದೆ ತನ್ನ ಆಟಗಾರನ ಪರ ನಿಂತರು ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. 2023ರ ವಿಶ್ವಕಪ್‌ನಲ್ಲಿ ಅದೇ ಶಮಿ 24 ವಿಕೆಟ್ ಕಿತ್ತರು. ತಂದೆಯ ಮರಣದ ಸುದ್ದಿ ಬಂದರೂ ಆಸ್ಟ್ರೇಲಿಯಾದಲ್ಲೇ ಉಳಿದು ದೇಶಕ್ಕಾಗಿ ಆಡಿದ ಮುಹಮ್ಮದ್ ಸಿರಾಜ್, 2025ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ಆರು ರನ್‌ಗಳ ಜಯ ತಂದುಕೊಟ್ಟರು. ಇಷ್ಟಾದರೂ ಗೆದ್ದ ದಿನ ‘ನಮ್ಮ ಸಿರಾಜ್’, ಸೋತ ದಿನ ‘ಅವರ ಸಿರಾಜ್’ ಎಂಬ ಧೋರಣೆ ಅಳಿದಿಲ್ಲ.

ಇಷ್ಟು ಹೇಳಿದ ಬಳಿಕ ನಮ್ಮ ಸಮುದಾಯದ ಜೊತೆಗೂ ಒಂದೆರಡು ನೇರ ಮಾತುಗಳನ್ನು ಆಡಬೇಕು. ನಮ್ಮಲ್ಲಿ ಕೆಲವರು ಆಟಗಾರನ ಹೆಸರು ನೋಡಿ ಬೆಂಬಲ ನಿರ್ಧರಿಸುತ್ತಾರೆ. ಮುಸ್ಲಿಮ್ ಹೆಸರಿದ್ದರೆ ಸಾಕು, ಅವನು ದೀನಿನ ಪ್ರತಿನಿಧಿ ಎಂಬಂತೆ ಎದೆ ಉಬ್ಬಿಸುತ್ತಾರೆ. ಹಾಗಾದರೆ 2010ರಲ್ಲಿ ಲಾರ್ಡ್ಸ್‌ನಲ್ಲಿ ಹಣ ಪಡೆದು ನೋಬಾಲ್ ಎಸೆದ ಹಗರಣದಲ್ಲಿ ಜೈಲು ಕಂಡ ಸಲ್ಮಾನ್ ಬಟ್, ಮುಹಮ್ಮದ್ ಆಸಿಫ್, ಮುಹಮ್ಮದ್ ಆಮಿರ್ ಯಾರ ಪ್ರತಿನಿಧಿಗಳು? ನ್ಯಾಯಮೂರ್ತಿ ಖಯ್ಯೂಮ್ ಆಯೋಗದ ವರದಿಯ ಬಳಿಕ 2000ದಲ್ಲಿ ಆಜೀವ ನಿಷೇಧಕ್ಕೊಳಗಾದ ಸಲೀಂ ಮಲಿಕ್ ಯಾರ ಪ್ರತಿನಿಧಿ? ಆಟಗಾರನನ್ನು ಆಟದಿಂದ ಅಳೆಯಿರಿ, ಮನುಷ್ಯನನ್ನು ನಡತೆಯಿಂದ ಅಳೆಯಿರಿ. ಹೆಸರು ಎರಡಕ್ಕೂ ಅಳತೆಗೋಲಲ್ಲ. ತನ್ನ ಜನರನ್ನು ಪ್ರೀತಿಸುವುದು ಪಕ್ಷಪಾತವೇ ಎಂದು ಪ್ರವಾದಿ(ಸ)ರಲ್ಲಿ ಕೇಳಲಾದಾಗ, ಅಲ್ಲ, ಅನ್ಯಾಯದಲ್ಲಿ ತನ್ನ ಜನರಿಗೆ ನೆರವಾಗುವುದೇ ಪಕ್ಷಪಾತ ಎಂಬರ್ಥದ ಉತ್ತರ ನೀಡಿದರೆಂದು ಹದೀಸ್‌ನಲ್ಲಿದೆ. ಅದರ ಬೆಳಕಿನಲ್ಲಿ ನೋಡಿದರೆ ಎರಡು ಗೊಂದಲಗಳು ಒಟ್ಟಿಗೇ ಪರಿಹಾರವಾಗುತ್ತವೆ. ನಾವು ಹುಟ್ಟಿ ಬೆಳೆದ ಈ ದೇಶದ ತಂಡ ಗೆಲ್ಲಲಿ ಎಂದು ಹಾರೈಸುವುದಕ್ಕೆ ಯಾವ ಧಾರ್ಮಿಕ ಸಂಕೋಚವೂ ಬೇಕಾಗಿಲ್ಲ. ಎದುರಾಳಿಯ ಪ್ರತಿಭೆಯನ್ನು ಒಪ್ಪಿಕೊಳ್ಳುವುದಕ್ಕೆ ಯಾವ ರಾಜಕೀಯ ಸಂಕೋಚವೂ ಬೇಕಾಗಿಲ್ಲ. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ಅನ್ಯಾಯಕ್ಕೆ ದೂಡದಿರಲಿ ಎಂದು ಅಲ್‌ಮಾಇದಾ ಅಧ್ಯಾಯ ನೀಡುವ ಎಚ್ಚರಿಕೆ ಯುದ್ಧಕ್ಕೆ ಮಾತ್ರವಲ್ಲ, ಮೈದಾನಕ್ಕೂ ಅನ್ವಯಿಸುತ್ತದೆ.

ಅದೇ ಅಧ್ಯಾಯವು ಜೂಜನ್ನು ನಿಷೇಧಿಸಿದೆ ಎಂಬುದನ್ನೂ ನೆನಪಿಸಬೇಕಾಗಿದೆ. ಐಪಿಎಲ್ ಬಂತೆಂದರೆ ಬೆಟ್ಟಿಂಗ್ ಎಂಬ ಮಾರಿ ಬೀದಿ ಬೀದಿಗೆ ಬರುತ್ತದೆ. ಮೊಬೈಲಿನಲ್ಲಿ ಹಣ ಕಟ್ಟಿ ತಂಡ ಕಟ್ಟುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ನಿಷೇಧಿಸಿದೆ. ಆದರೆ ಕಳ್ಳದಾರಿಗಳು ಮುಚ್ಚಿಲ್ಲ. ಇಶಾ ನಮಾಝ್ ಬಿಟ್ಟು ನಡುರಾತ್ರಿಯವರೆಗೆ ಪಂದ್ಯ ನೋಡಿ, ಫಜ್ರ್‌ಗೆ ಏಳದೆ, ಪರೀಕ್ಷೆಯಲ್ಲಿ ನಪಾಸಾಗುವ ಹುಡುಗನಿಗೆ ಯಾವ ತಂಡ ಗೆದ್ದರೇನು? 2025ರ ಜೂನ್ 4ರಂದು ಐಪಿಎಲ್ ವಿಜಯೋತ್ಸವದ ನೂಕುನುಗ್ಗಲಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲೇ ಹನ್ನೊಂದು ಮಂದಿ ಪ್ರಾಣ ಕಳಕೊಂಡರು. ವ್ಯವಸ್ಥೆಯ ಹೊಣೆಗೇಡಿತನ ಅದರಲ್ಲಿ ದೊಡ್ಡದು. ಆದರೂ ಆಟದ ಅಭಿಮಾನ ಉನ್ಮಾದವಾದರೆ ಏನಾದೀತು ಎಂಬುದನ್ನೂ ಹೆತ್ತವರು ಮಕ್ಕಳಿಗೆ ತಿಳಿಹೇಳಬೇಕು.

ಹಾಗಂತ ಮಕ್ಕಳಿಂದ ಬ್ಯಾಟ್ ಕಸಿಯಬೇಡಿ. ಪ್ರವಾದಿ(ಸ) ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಓಡಿದವರು, ಬಿಲ್ವಿದ್ಯೆಯನ್ನು ಪ್ರೋತ್ಸಾಹಿಸಿದವರು. ಇಲ್ಲೇ ಬೆಂಗಳೂರಿನಲ್ಲಿ ಬೆಳೆದ ಸಯ್ಯದ್ ಕಿರ್ಮಾನಿ 1973–74ರಲ್ಲಿ ಕರ್ನಾಟಕಕ್ಕೆ ಮೊದಲ ರಣಜಿ ಟ್ರೋಫಿ ತಂದ ತಂಡದಲ್ಲಿದ್ದರು. 88 ಟೆಸ್ಟ್ ಆಡಿದರು. 1983ರಲ್ಲಿ ಝಿಂಬಾಬ್ವೆ ಎದುರು ಕಪಿಲ್ ಜೊತೆ ಮುರಿಯದ 126 ರನ್‌ಗಳ ಜೊತೆಯಾಟ ಆಡಿ ವಿಶ್ವಕಪ್‌ನ ಕನಸನ್ನು ಉಳಿಸಿದರು. ಕರ್ನಾಟಕದ ಪರ ಆಡಿದ ನೂಶಿನ್ ಅಲ್ ಖದೀರ್ 2023ರಲ್ಲಿ 19 ವರ್ಷದೊಳಗಿನ ಮಹಿಳೆಯರ ಚೊಚ್ಚಲ ವಿಶ್ವಕಪ್ ಗೆದ್ದ ಭಾರತ ತಂಡದ ತರಬೇತುದಾರರಾಗಿದ್ದರು. ಆಡುವ ಮಕ್ಕಳನ್ನು ಶಿಸ್ತಿನಿಂದ ಆಡಿಸಿದರೆ ಅವರಿಗೆ ನೆರೆಹೊರೆಯ ಹಿಂದೂ, ಕ್ರೈಸ್ತ ಗೆಳೆಯರು ಸಿಗುತ್ತಾರೆ. ಒಂದೇ ತಂಡದಲ್ಲಿ ಆಡಿದವರ ನಡುವೆ ಸಂಶಯ ಬಿತ್ತುವುದು ಸುಲಭವಲ್ಲ.

ಸಂಶಯ ಬಿತ್ತುವವರಿಗೆ ಹೆಚ್ಚು ಅನುಕೂಲ ಮಾಡಿಕೊಟ್ಟದ್ದು ಆಟವೇ ನಿಂತುಹೋದದ್ದು. 2007ರ ಡಿಸೆಂಬರಿನ ಆ ಬೆಂಗಳೂರು ಪಂದ್ಯವೇ ಎರಡೂ ದೇಶಗಳ ನಡುವಿನ ಕೊನೆಯ ಟೆಸ್ಟ್ ಆಗಿ ಉಳಿದಿದೆ. 2012ರ ಡಿಸೆಂಬರ್ 25ರಂದು ಬೆಂಗಳೂರಿನಲ್ಲೇ ಆರಂಭವಾದದ್ದು ಕೊನೆಯ ದ್ವಿಪಕ್ಷೀಯ ಸರಣಿ. 123 ಟೆಸ್ಟ್ ಆಡಿ 2025ರ ಮೇಯಲ್ಲಿ ಟೆಸ್ಟ್‌ಗೆ ವಿದಾಯ ಹೇಳಿದ ಕೊಹ್ಲಿ ಪಾಕಿಸ್ತಾನದ ವಿರುದ್ಧ ಒಂದೂ ಟೆಸ್ಟ್ ಆಡಲಿಲ್ಲ. 1999ರಲ್ಲಿ ಚೆನ್ನೈಯಲ್ಲಿ ಪಾಕಿಸ್ತಾನ 12 ರನ್‌ಗಳಿಂದ ಗೆದ್ದಾಗ ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಅದೇ ಎರಡು ತಂಡಗಳು 2025ರ ಸೆಪ್ಟೆಂಬರ್‌ನಲ್ಲಿ ದುಬೈಯಲ್ಲಿ ಪರಸ್ಪರ ಕೈಕುಲುಕಲಿಲ್ಲ. ಚೆನ್ನೈಯ ಪ್ರೇಕ್ಷಕರಲ್ಲಿ ದೇಶಪ್ರೇಮದ ಕೊರತೆಯಿತ್ತೆಂದು ಯಾರಾದರೂ ಹೇಳಬಲ್ಲರೇ? ಭಯೋತ್ಪಾದನೆ ನಿಲ್ಲದೆ ಆಟವಿಲ್ಲ ಎಂಬುದು ಸರಕಾರದ ನೀತಿಯಾದರೆ ಅದನ್ನು ಎಲ್ಲೆಡೆ ಒಂದೇ ರೀತಿ ಪಾಲಿಸಲಿ. ಜಾಹೀರಾತಿನ ಹಣವಿರುವ ಟೂರ್ನಿಗಳಲ್ಲಿ ಆಡುವುದು, ಆಡಿ ಕೈಕುಲುಕದಿರುವುದು, ಆಮೇಲೆ ಅದರ ಬಿಸಿಯನ್ನು ಬಸವೇಶ್ವರನಗರದ ಶಾಲಾ ಬಾಲಕನಿಗೆ ಮುಟ್ಟಿಸುವುದು, ಇದು ನೀತಿಯಲ್ಲ, ವ್ಯಾಪಾರ.

ಯಾರನ್ನೂ ಹೊರಗಿನವನೆಂದು ಎಣಿಸಬೇಡಿ ಎಂದು ಬೋಧಿಸಿದ ಬಸವಣ್ಣನವರ ಹೆಸರನ್ನು ಹೊತ್ತ ಬಡಾವಣೆಯಿದು. ಇಲ್ಲಿನ ಶಾಲೆಗಳ ಶಿಕ್ಷಕರಲ್ಲಿ, ಮೈದಾನಗಳಲ್ಲಿ ಪಂದ್ಯಾಟ ನಡೆಸುವ ಯುವಕ ಸಂಘಗಳಲ್ಲಿ ನಮ್ಮದೊಂದು ವಿನಂತಿ. ಪಂದ್ಯದ ದಿನ ಯಾವುದೇ ಮಗುವಿನಲ್ಲಿ ‘ನೀನು ಯಾವ ಕಡೆ’ ಎಂದು ಕೇಳಬೇಡಿ. ಹೆತ್ತವರಲ್ಲೂ ಒಂದು ವಿನಂತಿ. ಹಾಗೆ ಕೇಳಿದಾಗ ತಲೆತಗ್ಗಿಸಲೂ ಜಗಳಕ್ಕೆ ನಿಲ್ಲಲೂ ಮಗುವಿಗೆ ಕಲಿಸಬೇಡಿ. ‘ನನ್ನ ತಂಡ ಭಾರತ. ಬ್ಯಾಟಿಂಗ್‌ನಲ್ಲಿ ನಮ್ಮವರು ಶ್ರೇಷ್ಠರು, ಎಡಗೈ ವೇಗಿಗಳಲ್ಲಿ ವಾಸಿಂ ಅಕ್ರಂ ಶ್ರೇಷ್ಠ’ ಎಂದು ನೆಟ್ಟಗೆ ನಿಂತು ಹೇಳಲು ಕಲಿಸಿ. ಅದರಲ್ಲಿ ದೇಶದ ಮೇಲಿನ ಪ್ರೀತಿಯೂ ಇದೆ, ಸತ್ಯದ ಮೇಲಿನ ನಿಷ್ಠೆಯೂ ಇದೆ. ಅವೆರಡೂ ಒಂದೇ ಬಾಯಲ್ಲಿ ಬರಲಾಗದು ಎನ್ನುವವರೇ ಈ ದೇಶವನ್ನು ಸೋಲಿಸುತ್ತಿರುವವರು.